ಸದ್ದಿಗೊಂದು ಮಣೆ

ವೇಕ್‌ಫೀಲ್ಡಿನ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ
ನಮ್ಮ ಕೀಲಿಮಣೆಗಳು ರಬ್ಬರಿನವು.
ಒತ್ತಿದರೆ, ಚಹಾದಲ್ಲಿ ನೆನೆದ ಬಿಸ್ಕತ್ತು ಒತ್ತಿದ ಹಾಗೆ.
ಬೇಕೆಂದೇ ಹಾಗೆ:
ಆ ತುದಿಯಲ್ಲಿ ಗಂಡನ ಎದೆ ಅದುಮುತ್ತಿರುವವಳಿಗೆ
ಈ ತುದಿಯಲ್ಲಿ ಯಾರೋ ಟೈಪು ಮಾಡುವುದು ಕೇಳಬಾರದು.
ಹನ್ನೊಂದು ವರ್ಷ ನನ್ನ ಬೆರಳುಗಳು
ಕಳ್ಳಹೆಜ್ಜೆಯಲ್ಲೇ ನಡೆದಿವೆ.

ಮಾರ್ಚಿನ ರಜೆಯಲ್ಲಿ ಕಿಟ್ ತರಿಸಿದೆ.
ಅಡುಗೆಮನೆಯ ಮೇಜಿಗೆ ಟವೆಲು ಹಾಸಿ ಬಿಚ್ಚಿಟ್ಟೆ:
ಹಿತ್ತಾಳೆಯ ತಗಡು, ಹಸಿರು ಸರ್ಕ್ಯೂಟ್ ಹಲಗೆ,
ಗುಂಡುಕಲ್ಲಿನಷ್ಟು ಭಾರದ ಅಲ್ಯುಮಿನಿಯಂ ಪೆಟ್ಟಿಗೆ,
ಡಬ್ಬಿಯೊಳಗೆ ಗಲಗಲ ಅನ್ನುವ ಅರವತ್ತೆಂಟು ಸ್ವಿಚ್ಚು.
ಒಂದೊಂದನ್ನೂ ಬಿಚ್ಚಬೇಕು, ಮುಚ್ಚಳ, ಕಾಂಡ, ಸ್ಪ್ರಿಂಗು, ತಳ.
ಸಣ್ಣ ಕುಂಚದ ತುದಿಯಲ್ಲಿ ಎಳ್ಳಿನ ಕಾಲುಭಾಗ ಗ್ರೀಸು:
ಹೆಚ್ಚಾದರೆ ಕೆಸರಲ್ಲಿ ಕಾಲು,
ಕಡಿಮೆಯಾದರೆ ಅನ್ನದಲ್ಲಿ ಮರಳು.
ಮೂರು ಸಂಜೆ ಹಿಡಿಯಿತು.
ಒಂದು ಸ್ಪ್ರಿಂಗು ಚಿಮ್ಮಿ ಫ್ರಿಜ್ಜಿನಡಿ ಸೇರಿತು.
ತಡಕಿದರೆ ಅದು ಸಿಗದೆ
ಹೋದ ವರ್ಷ ಕಳೆದ ಓಲೆಯ ತಿರುಪು ಸಿಕ್ಕಿತು.

ಪಕ್ಕದ ಮನೆಯ ನಾರ್ಮನ್ ಹೋಲ್‌ರಾಯ್ಡ್
ನಲವತ್ತು ವರ್ಷ ಚರ್ಚುಗಳ, ಶಾಲೆಗಳ ಪಿಯಾನೊ
ಶ್ರುತಿಗೆ ತಂದವನು. ಬೆಸುಗೆ ಕಡ್ಡಿ ಅವನದೇ.
"ಎರಡು ಎಣಿಸು, ತೆಗೆ" ಅಂದ.
ಐವತ್ಮೂರು ಸರಿಬಂದವು. ಐವತ್ನಾಲ್ಕನೆಯದಕ್ಕೆ
ಏನೋ ಯೋಚಿಸುತ್ತ ಐದು ಎಣಿಸಿದೆ.
ತಾಮ್ರದ ಚುಕ್ಕೆ ಹಲಗೆ ಬಿಟ್ಟು ಎದ್ದು ಬಂತು,
ಗಾಯದ ಹಕ್ಕಳೆ ಹಾಗೆ.
"ತಂತಿ ಎಳೆದು ಬದುಕಿಸೋಣ?"
ಬೇಡ ಅಂದೆ. ಯಾಕೆಂದು ಕೇಳಿದ.
ನನಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಎಷ್ಟೊಂದು ಮಣೆ!
ಊಟದ ಮಣೆ, ಈಳಿಗೆಮಣೆ, ಹಸೆಮಣೆ,
ಬಂದವರಿಗೆಲ್ಲ ಹಾಕುವ ಮಣೆ.
ನನಗೆ ಬೇಕಿದ್ದದ್ದು ಅಳಗುಳಿಮಣೆಯ ಸದ್ದು,
ಮರದ ಗುಳಿಗೆ ಹುಣಸೆಬೀಜ ಬೀಳುವ ಆ ಟೊಕ್.
ನಾರ್ಮನ್‌ಗೆ ಬಾಯಲ್ಲಿ ಹೇಳಲಾಗದೆ
ಬ್ರೆಡ್ಡು ಕೊಯ್ಯುವ ಹಲಗೆಯ ಮೇಲೆ
ಆಲಿವಿನ ಬೀಜಗಳನ್ನು ಬೀಳಿಸಿ ತೋರಿಸಿದೆ.
ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ, ಅಂದ.
ಮನೆಗೆ ಹೋಗಿ, ಯಾವುದೋ ಸತ್ತ ಪಿಯಾನೊದ
ಸುತ್ತಿಗೆಯ ಉಣ್ಣೆಚೂರು ತಂದು
ಪೆಟ್ಟಿಗೆಯ ತಳಕ್ಕೆ ಹಾಸಿದ.

ಸತ್ತ ಕೀಲಿಗೆ ಬೋಳು ಟೊಪ್ಪಿ ಇಟ್ಟು
ಮಾರ್ಕರಿನಲ್ಲಿ ಬರೆದೆ: ೞ.
ಹಳಗನ್ನಡದಲ್ಲೇ ಉಳಿದುಹೋದ ಅಕ್ಷರ.
"ಹೇಗೆ ಉಚ್ಚರಿಸುವುದು?" ನಾರ್ಮನ್ ಕೇಳಿದ.
ನಾಲಿಗೆ ಮಡಚಿ ನೋಡಿದೆ, ಬಿಡಿಸಿ ನೋಡಿದೆ.
ಅವನೂ ನೋಡಿದ. ಇಬ್ಬರಿಗೂ ಬರಲಿಲ್ಲ.

ನಿನ್ನೆ ರಾತ್ರಿ ಒಂದು ಕರೆ.
ಆ ಕಡೆ ಟಿವಿ, ದೂರದಲ್ಲಿ ನಾಯಿ, ಮಾತಿಲ್ಲ.
ಮಾತಾಡಲಾಗದಿದ್ದರೆ ಫೋನಿಗೆ ಉಗುರು ಬಡಿಯಿರಿ, ಅಂದೆ.
ಟೊಕ್.
ಉಸಿರಾಡಲು ಕಷ್ಟವೇ?
ಟೊಕ್.
ಬಾಗಿಲು ತೆರೆದಿದೆಯೇ?
ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಟೊಕ್.
ಹದಿನಾಲ್ಕು ನಿಮಿಷ ನಾನೊಬ್ಬಳೇ ಮಾತಾಡಿದೆ,
ರಬ್ಬರಿನ ಮೇಲೆ ಸದ್ದಿಲ್ಲದೆ ಬರೆಯುತ್ತ.
ಬೂಟುಗಳು ಬಂದವು, ಲೈನು ಕಟ್ಟಾಯಿತು.
ಮುಂದೇನಾಯಿತೆಂದು ನಮಗೆ ಯಾರೂ ಹೇಳುವುದಿಲ್ಲ.

ಬೆಳಿಗ್ಗೆ ಆರೂವರೆ. ಕೋಟು ಬಿಚ್ಚದೆ ಕೂತು
ೞ ಒತ್ತಿದೆ.
ಪರದೆಯ ಮೇಲೆ ಏನೂ ಮೂಡಲಿಲ್ಲ. ಸದ್ದು ಬಂತು.
ಇನ್ನೊಮ್ಮೆ ಒತ್ತಿದೆ. ಬಂತು.
ಎಷ್ಟು ಸಲವೋ.
ಆಮೇಲೆ ಕೈ ತಾನಾಗಿ ಅಂಗಡಿಯ ಚೀಟಿಗೆ ತಿರುಗಿತು:
ಹಾಲು, ಈರುಳ್ಳಿ, ಮೆಟ್ಟಿಲ ಹತ್ತಿರದ ಬಲ್ಬು.
ಪ್ರತಿ ಮಾತಿನ ನಡುವೆ ಸ್ಪೇಸ್‌ಬಾರು.
ಗೋಡೆಯಾಚೆಯಿಂದ ಮುಷ್ಟಿಯ ಎರಡು ಗುದ್ದು,
ನಾರ್ಮನ್ನನ ನಿದ್ದೆಗಣ್ಣಿನ ದನಿ:
"ಎಡತುದಿ ಇನ್ನೂ ಲೊಡಲೊಡ ಅಂತಿದೆ!
ಮಧ್ಯಾಹ್ನ ತಾ, ನೋಡೋಣ."