ಕತ್ತಲಲ್ಲಿ ನೋಡಬೇಕು

ಬಿಸಿಲಿದ್ದರೆ ನನ್ನ ಮಾರಿಸ್ ಮೈನರ್ ಸಾಧುಪ್ರಾಣಿ.
ಗ್ಯಾರೇಜಿನವರ ಮುಂದಂತೂ
ವೈದ್ಯರ ಮನೆ ಮೆಟ್ಟಿಲು ಹತ್ತಿದೊಡನೆ ಮಾಯವಾಗುವ ಹಲ್ಲುನೋವು.
ತುಂತುರು ಬಿತ್ತೋ,
ಮೂರು ಹೆಜ್ಜೆ ಸರಿ, ಒಂದು ಎಡವು,
ಮೂರು ಸರಿ, ಒಂದು ಎಡವು,
ಆಸ್ಪತ್ರೆಯ ತಿರುವಿನಲ್ಲಿ ಒಂದು ಬಿಕ್ಕು. ಆಮೇಲೆ ಏನೂ ಇಲ್ಲ.
ಹಿಂದಿನ ಬಸ್ಸಿನವನು ಹಾರ್ನ್ ಕೂಡ ಮಾಡುವುದಿಲ್ಲ,
ಪಾಪ ಅಂತ ನೋಡುತ್ತಾನೆ.
ಅದು ಇನ್ನೂ ಕಷ್ಟ.

ತುಂತುರಿಲ್ಲದ ದಿನ ಈ ಊರಲ್ಲಿ ಬೆರಳೆಣಿಕೆ.
ಊರಿನ ಹೆಸರನ್ನು ಲನೆಲಿ ಎಂದು ಬರೆಯುತ್ತೇನೆ, ಸೋತು.
ಅದರ ಮೊದಲಕ್ಷರ ನಮ್ಮ ಲ ಅಲ್ಲ, ಳ ಅಲ್ಲ,
ಹಳಗನ್ನಡದಲ್ಲೇ ಉಳಿದುಹೋದ ೞ ಕೂಡ ಅಲ್ಲ.
"ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತು,
ಅಕ್ಕಪಕ್ಕದಿಂದ ಗಾಳಿ ಸೋರಲಿ" ಅಂತ
ಎರಡು ವರ್ಷದಿಂದ ಹೇಳಿಕೊಡುತ್ತಿದ್ದಾರೆ
ಪಕ್ಕದ ಮನೆಯ ಎಮ್ರಿಸ್ ಪ್ಯೂ.
ನನ್ನದು ಸೋರುವುದಿಲ್ಲ.

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ವೈರಿನ ಕೆಲಸ ಅವರದು.
ಈಗ ಎರಡೂ ಕಣ್ಣಿಗೆ ಪೊರೆ, ಆಪರೇಷನ್ನಿನ ಸರದಿ ಆಗಸ್ಟಿಗೆ.
ನಾನು ಲೆಕ್ಕ ಒಪ್ಪಿಸಿದೆ:
ಪ್ಲಗ್ಗು ಬದಲಾಯಿಸಿದೆ, ಪಾಯಿಂಟು ಬದಲಾಯಿಸಿದೆ, ಕಾಯಿಲೂ ಹೊಸದು.
ಹೊಸ ಕಂಡೆನ್ಸರ್ ವಾರದಲ್ಲೇ ಸತ್ತು
ಹಳೆಯದನ್ನೇ ಹುಡುಕಿ ಮತ್ತೆ ಕೂರಿಸಿದೆ.
"ಔಷಧದ ಅಂಗಡಿಯನ್ನೇ ಕುಡಿಸಿದ್ದೀಯ,
ನಾಡಿ ಮಾತ್ರ ಹಿಡಿದಿಲ್ಲ" ಎಂದರು.
"ರಾತ್ರಿ ಹತ್ತಕ್ಕೆ ಬಾನೆಟ್ಟು ಎತ್ತು. ಟಾರ್ಚು ಬೇಡ.
ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುತ್ತೀಯಲ್ಲ, ಆ ಬಾಟಲಿ ತಾ."

ರಾತ್ರಿ ಹತ್ತು. ಬೀದಿದೀಪಕ್ಕೆ ಬೆನ್ನು ಮಾಡಿ
ಕಾರನ್ನು ಗೋಡೆಯ ಮರೆಗೆ ತಳ್ಳಿದ್ದೆವು.
ಇಂಜಿನ್ನು ಓಡುತ್ತಿತ್ತು, ಏನೂ ಅರಿಯದ ಹಾಗೆ.
ಅವರು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು
ಕುರುಡು ಕಣ್ಣು ಮುಚ್ಚಿಕೊಂಡರು, ಯಾಕೋ.
"ಈಗ ಚಿಮುಕಿಸು."

ಮೊದಲು ಕಂಡಿದ್ದು ಬರೀ ಕಪ್ಪು.
ಆಮೇಲೆ ಕಪ್ಪಿನ ಮೇಲೆ ನೀಲಿ,
ಇರುವೆಯ ಸಾಲಿಗಿಂತ ಸಣ್ಣ ನೀಲಿ,
ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆನ್ನೆಯ ಮೇಲೆ ಜಾರಿ
ಕ್ಲಿಪ್ಪಿಗೆ ಹಾರಿ, ಆರಿ, ಮತ್ತೆ ಜಾರಿ.
"ಹಾಂ" ಅಂದೆ.
"ಎಷ್ಟನೆಯ ಕಂಬ?"
"ಮೂರು."
"ಗೊತ್ತಿತ್ತು. ಕೈಗೆ ಕೇಳಿಸುತ್ತಿತ್ತು.
ಕರೆಂಟು ಸೋಮಾರಿ ಕಣಮ್ಮ.
ಹತ್ತಿರದಲ್ಲೇ ಜಗಲಿ ಸಿಕ್ಕರೆ
ಹೇಳಿಕಳಿಸಿದ ಮನೆಗೆ ಹೋಗುವುದಿಲ್ಲ."

ಇಂಜಿನ್ನು ಆರಿಸಿ ಮುಚ್ಚಳ ಬಿಚ್ಚಿ ಅಡುಗೆಮನೆಯ ಬೆಳಕಿಗೆ ಹಿಡಿದೆ:
ಸೀಸದಕಡ್ಡಿಯಲ್ಲಿ ಎಳೆದಂಥ ಒಂದು ಗೆರೆ.
ದಿನವಿಡೀ ಎಕ್ಸ್‌ರೇಯಲ್ಲಿ ಬೇರೆಯವರ ಮೂಳೆಯ ಬಿರುಕು
ಹುಡುಕುವವಳು ನಾನು,
ಇದನ್ನು ಹತ್ತು ಸಲ ಒರೆಸಿ ಹತ್ತು ಸಲ ಹಾಗೇ ಮುಚ್ಚಿದ್ದೆ.

ಹೊಸ ಮುಚ್ಚಳ ಸೋಮವಾರಕ್ಕೆ.
ನನ್ನ ಪಾಳಿ ನಾಳೆ ಬೆಳಗ್ಗೆ ಆರಕ್ಕೆ.
ಬ್ಲೇಡಿನ ಮೊನೆಯಿಂದ ಗೆರೆಯ ಮಸಿ ಕೆರೆದು ತೆಗೆಸಿದರು.
"ಉಗುರುಬಣ್ಣ ಇದೆಯಾ?"
ಇತ್ತು. ತಂಗಿಯ ಮದುವೆಗೆ ಕೊಂಡು
ಒಂದೇ ಸಲ ಹಚ್ಚಿದ್ದು. ಗಟ್ಟಿಯಾಗುತ್ತ ಬಂದಿತ್ತು.
ಎರಡು ಪದರ ಬಳಿದೆ, ಗೆರೆಯ ಮೇಲೆ, ಉಸಿರು ಬಿಗಿಹಿಡಿದು.
"ಯಾವ ಬಣ್ಣ?"
"ಬೀಟ್‌ರೂಟು."
ಅರ್ಧ ಗಂಟೆ ಕಾದೆವು. ಅವರ ಚಹಾಕ್ಕೆ ಸಕ್ಕರೆ ಜಾಸ್ತಿ.

ಮತ್ತೆ ಕತ್ತಲು, ಮತ್ತೆ ನೀರು, ಬಾಟಲಿ ಅರ್ಧ ಖಾಲಿ.
ಎಲ್ಲೂ ನೀಲಿಯಿಲ್ಲ.
ಒಂದು, ಮೂರು, ನಾಲ್ಕು, ಎರಡು,
ಒಂದು, ಮೂರು, ನಾಲ್ಕು, ಎರಡು,
ಅವರ ಬೆರಳು ತಗಡಿನ ಮೇಲೆ ಲೆಕ್ಕ ಹಿಡಿಯುತ್ತಿತ್ತು.
ಆಮೇಲೆ ನನ್ನ ಕಡೆ ತಿರುಗಿ,
ನಾನಿದ್ದ ಜಾಗಕ್ಕಿಂತ ತುಸು ಎಡಕ್ಕೆ,
"ಈಗ ಊರಿನ ಹೆಸರು ಹೇಳು ನೋಡೋಣ" ಎಂದರು.

ಹೇಳಿದೆ.

"ಇನ್ನೂ ಸೋರುತ್ತಿಲ್ಲ" ಎಂದರು,
ಬಾನೆಟ್ಟು ಇಳಿಸುತ್ತ.