ಮೂರನೇ ಹಾಡಿನವ

ಆಷಾಢ. ಬಳ್ಳಾರಿಯಲ್ಲಿ ಮದುವೆ ಇಲ್ಲ.
ಕೌಲ್‌ಬಜಾರಿನ ಬ್ಯಾಂಡಿನಂಗಡಿಯ ಗೂಟಕ್ಕೆ ಕೆಂಪು ಕೋಟುಗಳು,
ಭುಜದ ಜರಿಯಲ್ಲಿ ಸಿಕ್ಕ ಅಕ್ಷತೆ ಕಾಳು.
ಕೆಲಸವಿಲ್ಲದ ನಾಲ್ಕು ಬಾಯಿಗೆ
ವಗ್ಗಾಣಿ, ಮಿರ್ಚಿ, ಮತ್ತದೇ ವಾದ:
ಯಾವನು ದೊಡ್ಡವ?

ಇರುವುದೊಂದೇ ಕ್ಯಾಸೆಟ್ಟು.
ತೋರಣಗಲ್ಲಿನ ಕಾರ್ಖಾನೆಗೆ ಬಂದಿದ್ದ ಪರದೇಶಿ ಇಂಜಿನಿಯರು
ಊರಿಗೆ ಮರಳುವ ದಿನ ಪೆನ್ನಪ್ಪನ ಜೇಬಿಗೆ ತುರುಕಿದ್ದು.
ಅಂಗಿಯ ಸಂಗಡ ಅದೂ ಒಗೆಸಿಕೊಂಡಿತು.
ನಮ್ಮ ಬಿಸಿಲು ಏನನ್ನಾದರೂ ಒಣಗಿಸುತ್ತದೆ;
ಎರಡು ದಿನಕ್ಕೆ ಹಾಡಿತು.
ಚೀಟಿಯ ಮೇಲಿನ ಹೆಸರೆಲ್ಲ ನೀಲಿ ನೀರಾಗಿ ಹೋಗಿ
ಉಳಿದದ್ದು ತಲೆಯ ಸಾಲೊಂದೇ.
ಜೀನ್ಸು ಹೊಲಿಯುವ ರಜಾಕನ ಮಗಳು ಓದಿ ಹೇಳಿದಳು:
"ಜಾಝ್. ಎಲ್ಲರಿಗಿಂತ ದೊಡ್ಡವರು."
ಅಷ್ಟೇ. ಯಾರು ಅಂತ ಇಲ್ಲ.

ಹಾಗಾಗಿ ಇವರೇ ಹೆಸರಿಟ್ಟರು.
ಮೊದಲ ಹಾಡಿನ ತುತ್ತೂರಿಯವ ಡಬ್ಬಗಲ್ಲ.
ಪಿಯಾನೋದವ ಟೈಪಿಸ್ಟು.
ದಪ್ಪ ತಂತಿ ಮೀಟುತ್ತ ಎಲ್ಲದಕ್ಕೂ
ಹೂಂ ಹೂಂ ಅನ್ನುವವ ಮಾವ.
ಡ್ರಮ್ಮಿನವನಿಗೆ ಹೆಸರಾಗಲಿಲ್ಲ.
ತಾಳ ತಪ್ಪುತ್ತಾನೆ ಅಂದ ದಾನಿಯೇಲಪ್ಪ,
ಬೇಕಂತಲೇ ತಪ್ಪಿಸುತ್ತಾನೆ ಅಂದ ಖಾಜಾವಲಿ,
ಇಬ್ಬರೂ ಒಂದು ಮೊಹರಂ ಪೂರ್ತಿ ಮಾತಾಡಲಿಲ್ಲ.

"ತುತ್ತೂರಿ ಇಲ್ಲದ್ದು ಬ್ಯಾಂಡೇನಲೇ? ಡಬ್ಬಗಲ್ಲನೇ ದೊಡ್ಡವ."
"ಅವಗ ಉಸಿರೈತಿ, ಮಾತಿಲ್ಲ."
"ಮೆರವಣಿಗಿಯೊಳಗ ಮಾತು ಯಾರು ಕೇಳ್ತಾರಪ?"
"ಕುದುರಿ ಕೇಳ್ತೈತಿ."

ಗಾದಿಲಿಂಗಪ್ಪನ ಓಟು ಎಂದೂ ಬದಲಾಗಿಲ್ಲ:
ಮೂರನೇ ಹಾಡಿನ ಕ್ಲಾರಿನೆಟ್ಟಿನವ.
ನಡುವೆ ಒಂದು ಕಡೆ ಅವನು
ಮೇಲಿನ ಸ್ವರದಿಂದ ಕೆಳಕ್ಕಿಳಿಯುತ್ತಾನೆ,
ಮೆಟ್ಟಿಲಿಲ್ಲದೆ,
ತುಂಬಿದ ಕೊಡ ತುಳುಕದ ಹಾಗೆ ಇಳಿಸಿದಂತೆ,
ಇನ್ನೇನು ತೀರಿತು ಎನ್ನುವಲ್ಲಿ
ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾನೆ.
ಅದನ್ನು ಕಲಿಯಲು ಗಾದಿಲಿಂಗಪ್ಪನಿಗೆ
ಎರಡು ವರ್ಷ, ಹನ್ನೊಂದು ರೀಡು;
ಹೆಂಡತಿ ಎರಡು ಸಲ ತವರಿಗೆ.
ಕಲಿತ.
ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಈಗ ಅದನ್ನೇ ನುಡಿಸುತ್ತಾನೆ.
ಬಂಡಿಹಟ್ಟಿಯಲ್ಲೊಮ್ಮೆ ಗಂಡಿನ ಅಪ್ಪ ಅತ್ತುಬಿಟ್ಟ,
ಎಣಿಸುತ್ತಿದ್ದ ನೋಟಿನ ಲೆಕ್ಕ ತಪ್ಪಿ.

ನಾನು ಜನರೇಟರ್ ಗಾಡಿ ತಳ್ಳುವವ.
ನನಗೆ ಓಟಿಲ್ಲ.
ಹದಿನೇಳು ವರ್ಷ ಹಿಂದಿನಿಂದ ಕೇಳಿದ್ದೇನೆ,
ಬೆನ್ನಿನ ಬೆವರು ನೋಡಿ ಯಾರಿಗೆ ದಣಿವೆಂದು ಹೇಳಬಲ್ಲೆ.
ಎಣ್ಣೆ ತೀರುವಾಗ ಇಂಜಿನ್ನೂ ಹೀಗೇ ಇಳಿಯುತ್ತದೆ,
ಮೆಟ್ಟಿಲಿಲ್ಲದೆ;
ಚೋಕು ಎಳೆದರೆ ಮತ್ತೆ ನೆಟ್ಟಗೆ.
ಮೊದಲ ಸಲ ಕೇಳಿದಾಗಲೇ ನನಗೆ ತಿಳಿಯಿತು.
ಕ್ಲಾರಿನೆಟ್ಟಿನವ ಇಳಿಯುವಾಗ
ಟೈಪಿಸ್ಟೂ ಇಳಿಯುತ್ತಾನೆ, ಮಾವನೂ,
ಎಲ್ಲ ಒಟ್ಟಿಗೆ, ಒಂದೇ ಕೊಡದಲ್ಲಿ.
ಒಗೆದ ದಿನ ಹಿಗ್ಗಿದ ಟೇಪು.
ಎರಡು ಗೇಣು, ಹೆಚ್ಚೆಂದರೆ.

ಆ ದೂರದ ಊರಿನ ಮನುಷ್ಯ
ಎಂದೂ ಹಾಗೆ ನುಡಿಸಿರಲಿಕ್ಕಿಲ್ಲ.
ಹೇಳಲಿಲ್ಲ ನಾನು.
ಹೇಳಬೇಕೆಂದು ಒಮ್ಮೆ ಬಾಯಿ ತೆರೆದೆ,
ಖಾಜಾವಲಿ ಚಹಾ ತರಲು ಕಳಿಸಿದ.

ಮೊನ್ನೆ ಮಿರ್ಚಿ ಮುಗಿದು,
ಎಣ್ಣೆಯ ಕಾಗದದ ಮೇಲೆ ಬರೀ ಬೆರಳು.
ಇಬ್ಬರಿಗಿಬ್ಬರು ಸಮ.
ದಾನಿಯೇಲಪ್ಪ ತಟ್ಟನೆ ಈ ಕಡೆ ತಿರುಗಿದ:
"ಏ ಹುಲುಗಪ್ಪ, ನೀ ಹೇಳಪ, ಯಾರು ದೊಡ್ಡವ?"
ಕರೆಂಟು ಬಂತು. ಫ್ಯಾನಿನ ಗಾಳಿಗೆ
ಕೋಟುಗಳ ಖಾಲಿ ತೋಳು ಅಲುಗಿದವು.
ಗಾದಿಲಿಂಗಪ್ಪ ನಾಲಗೆಯ ಮೇಲೆ ರೀಡಿಟ್ಟು ನೆನೆಸುತ್ತಿದ್ದ,
ನನ್ನನ್ನು ನೋಡದ ಹಾಗೆ ನೋಡುತ್ತ.

"ಮೂರನೇ ಹಾಡಿನವ," ಅಂದೆ.
"ಅಂಥವ ಅಲ್ಲೆಲ್ಲೂ ಇಲ್ಲ."

ಪೆನ್ನಪ್ಪ ಬೈದ,
ಗಾಡಿ ತಳ್ಳೋನ್ನ ಕೇಳಿದ್ದೇ ತಪ್ಪಾತು ಅಂದ.
ಗಾದಿಲಿಂಗಪ್ಪ ರೀಡು ಕಚ್ಚಿಯೇ ನಕ್ಕ.

ಶ್ರಾವಣಕ್ಕೆ ಇನ್ನೂ ಒಂಬತ್ತು ದಿನ.
ಎಣ್ಣೆಯ ಡಬ್ಬಿ ಅಲ್ಲಾಡಿಸಿ ನೋಡಿದೆ:
ಕಾಲು ಭಾಗ.