ಮನೆ ದಾಟಿಸುವುದು

ಆ ಪ್ರೋಗ್ರಾಮಿನಲ್ಲಿ ಎದ್ದ ಮನೆ
ಈ ಪ್ರೋಗ್ರಾಮಿಗೆ ಬರುವಾಗ
ಏನೋ ಒಂದನ್ನು ಬಿಟ್ಟೇ ಬರುತ್ತದೆ.

ಮೊದಲು ಮಿಲಿಮೀಟರೆಲ್ಲ ಇಂಚಾಗಿ
ಮೂವತ್ತು ನಲವತ್ತರ ಸೈಟಿನ ಮನೆ
ಸಾಲಗಾಮೆ ರಸ್ತೆಯನ್ನೇ ನುಂಗಿತು;
ಬಚ್ಚಲ ನಲ್ಲಿಯ ಕೆಳಗೆ ಲಾರಿ ನಿಲ್ಲಿಸಬಹುದಿತ್ತು.
ಅಳತೆ ತಿದ್ದಿದೆ.
ಆಮೇಲೆ ಗೋಡೆಗಳು ಬೆನ್ನು ತಿರುಗಿಸಿದವು —
ಒಳಗಿನಿಂದ ಉಂಟು, ಹೊರಗಿನಿಂದ ಇಲ್ಲವೇ ಇಲ್ಲ.
ಒಂದೊಂದನ್ನೇ ಮುಟ್ಟಿ, ಈ ಕಡೆ ನೋಡಮ್ಮ ಅಂದೆ.
ತೇಗ, ಗ್ರಾನೈಟು, ಹಂಚು, ಎಲ್ಲದರ ಬಣ್ಣ ದಾರಿಯಲ್ಲೇ ಉದುರಿ
ಅಡುಗೆಮನೆ ಪೂರಾ ಬೊಂಬಾಯಿ ಮಿಠಾಯಿಯ ಗುಲಾಬಿ.

ನಾಳೆ ಹತ್ತಕ್ಕೆ ಜೈಬುನ್ನೀಸಾ ಬರುತ್ತಾರೆ,
ಪೆನ್ಷನ್ ಮೊಹಲ್ಲಾದಲ್ಲಿ ರವಿಕೆ ಹೊಲಿಯುವವರು.
ಅವರು ಕೇಳಿದ್ದು ಇಷ್ಟೇ:
"ಮಿಷನ್ ಇಡೋ ಕಿಟಕೀಲಿ ಸಂಜೆ ನಾಲ್ಕರ ತನಕ ಬೆಳಕಿರುತ್ತಾ?
ಕಪ್ಪು ಬಟ್ಟೆ, ಕಪ್ಪು ದಾರ — ಕಾಣಲ್ಲ ಮೇಡಂ."

ರೆಂಡರಿಗೆ ಹಾಕಿದೆ. ಸಿಪಿಯು ಫ್ಯಾನು
ಗಿರಣಿಯ ಹಾಗೆ ಕಿರುಗುಟ್ಟಿ
ಕಿಟಕಿ ತುಂಬ ಜೋನಿಬೆಲ್ಲದಂಥ ಬಿಸಿಲು ಸುರಿಯಿತು.
ಭೇಷ್, ಇದನ್ನೇ ತೋರಿಸು ಅಂದರು ಇಂಜಿನಿಯರ್ ಪರಮಶಿವಯ್ಯ.

ಆದರೆ ಡಿಸೆಂಬರಿನಲ್ಲಿ ಬಡಗಲ ಕಿಟಕಿಗೆ
ಇಷ್ಟು ಬಿಸಿಲು ಯಾರು ಕೊಟ್ಟರು?
ಕೆದಕಿ ನೋಡಿದರೆ ಫೈಲಿನಲ್ಲಿ ಹಾಸನವೇ ಇಲ್ಲ;
ಸೂರ್ಯ, ಭೂಮಿಯ ಆ ಕೆಳತುದಿಯ
ಯಾವುದೋ ಊರಿನವನು.
ಹದಿಮೂರು ಉತ್ತರ, ಎಪ್ಪತ್ತಾರು ಪೂರ್ವ ಅಂತ ಬರೆದು
ಕರೆದುಕೊಂಡು ಬಂದೆ.
ಜೊತೆಗೆ, ಯಾರೂ ಕೇಳದ್ದು,
ಪಕ್ಕದವರ ಎರಡಂತಸ್ತು — ಬರೀ ಬೂದಿ ಬಣ್ಣದ ಡಬ್ಬ.

ಈಗ ರಾತ್ರಿ ಒಂದೂವರೆ.
ಪರದೆಯ ಮೇಲೆ ಸಂಜೆ ನಾಲ್ಕು.
ಬೆಳಕು ಮಿಷನ್ನಿನ ಚಕ್ರದವರೆಗೆ ಬಂದು
ಸೂಜಿಗೆ ಒಂದು ಗೇಣು ಈಚೆ ನಿಂತಿದೆ.
ಗೋಡೆಯ ಕಡೆ ಮೌಸ್ ಒಯ್ಯುತ್ತೇನೆ, ಬಿಡುತ್ತೇನೆ.
ಪಾಯ ತೋಡುವುದು ಸೋಮವಾರ.